ಅಜ್ಜನ ಒಂಬತ್ತಡಿ ಹಗ್ಗ

ಹಿರಿಯಡ್ಕದ ಹತ್ತಿರ ನಮ್ಮದೊಂದು ಅಡಿಕೆ ತೋಟ ಉಂಟು. ದೊಡ್ಡದೇನಲ್ಲ, ಎಕರೆ ಚಿಲ್ಲರೆ. 1968ರಲ್ಲಿ ಅಜ್ಜ ಮಾಡಿಸಿದ್ದು, ಈಗ ದೊಡ್ಡಪ್ಪ ನೋಡಿಕೊಳ್ಳುತ್ತಾರೆ. ಕಳೆದ ಡಿಸೆಂಬರಿನಲ್ಲಿ ಎಲೆಚುಕ್ಕಿ ರೋಗ ಎಲ್ಲಿಯವರೆಗೆ ಹಬ್ಬಿದೆ ಅಂತ ನೋಡಲು ಅಣ್ಣನ ಮಗ ಡ್ರೋನ್ ಹಾರಿಸಿದ. ನೂರಾರು ಫೋಟೋ ಬಂದವು. ಅವನ್ನೆಲ್ಲ ಹೊಲಿದು, ನೇರ ಮೇಲಿಂದ ನೋಡಿದ ಹಾಗೆ ಒಂದೇ ನಕ್ಷೆ ಮಾಡಿಕೊಡುವ ಸಾಫ್ಟ್‌ವೇರ್ ಅವನ ಹತ್ತಿರ ಇತ್ತು.

ರೋಗದ ಕೆಲಸ ಮುಗಿದ ಮೇಲೂ ನಾನು ಆ ನಕ್ಷೆಯನ್ನು ಬಿಡಲಿಲ್ಲ. ಮೇಲಿಂದ ನೋಡಿದರೆ ಪ್ರತಿ ಅಡಿಕೆ ಮರವೂ ಒಂದು ನಕ್ಷತ್ರ. ಎಂಟು ಹತ್ತು ಸೋಗೆ ಸುತ್ತಲೂ ಚಾಚಿಕೊಂಡ ಹಸಿರು ನಕ್ಷತ್ರ. ಕೆಳಗೆ ನಿಂತು ಎಷ್ಟು ವರ್ಷ ನೋಡಿದರೂ ಈ ರೂಪ ನನಗೆ ಗೊತ್ತಿರಲಿಲ್ಲ.

ನಾನು ಓದಿದ್ದು ಫಿಸಿಕ್ಸ್. ಹೊಟ್ಟೆಪಾಡಿಗೆ ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸ. ಗ್ಯಾಲಕ್ಸಿಗಳ ನಕ್ಷೆ ಮಾಡುವವರು ಬರೆದ ಪ್ರಬಂಧಗಳನ್ನು ರಾತ್ರಿ ಊಟ ಆದ ಮೇಲೆ ಓದುವುದು ಹಲವು ವರ್ಷದ ಅಭ್ಯಾಸ. ಅವರು ಆಕಾಶಕ್ಕೆ ಮಾಡುವ ಲೆಕ್ಕವನ್ನು ನಮ್ಮ ತೋಟಕ್ಕೂ ಮಾಡಿ ನೋಡಬೇಕು ಅನ್ನಿಸಿತು.

ಮೊದಲು ಒಂದೊಂದು ಮರದ ತಲೆಯ ಮೇಲೆ ಮೌಸಿನಿಂದ ಒಂದೊಂದು ಚುಕ್ಕೆ ಇಟ್ಟೆ. ನಾಲ್ಕು ರಾತ್ರಿ ಬೇಕಾಯಿತು. 612 ಮರ. ಆಮೇಲೆ ಪ್ರತಿ ಮರದಿಂದ ಉಳಿದ ಪ್ರತಿ ಮರಕ್ಕೆ ಇರುವ ದೂರ. 612 ಮರಕ್ಕೆ 1,86,966 ಜೋಡಿಗಳು. ಕಂಪ್ಯೂಟರಿಗೆ ಅದು ಒಂದು ಕ್ಷಣದ ಕೆಲಸ. ಇನ್ನೊಂದು ಕಡೆ ಅದೇ ಬೇಲಿಯ ಒಳಗೆ, ಬಾವಿ, ಪಂಪಿನ ಶೆಡ್ಡು, ತೋಡು ಇವಿಷ್ಟನ್ನು ಬಿಟ್ಟು, 612 ಚುಕ್ಕೆಗಳನ್ನು ಅಕ್ಕಿ ಎರಚಿದ ಹಾಗೆ ಚೆಲ್ಲಿದೆ. ಅವುಗಳ ಜೋಡಿಗಳನ್ನೂ ಅಳೆದೆ. ಎರಡನ್ನೂ ಪಕ್ಕದಲ್ಲಿಟ್ಟು ಕೇಳುವ ಪ್ರಶ್ನೆ ಒಂದೇ. ಸುಮ್ನೆ ಚೆಲ್ಲಿದ್ದಕ್ಕಿಂತ ಯಾವ ದೂರದಲ್ಲಿ ಜೋಡಿಗಳು ಜಾಸ್ತಿ ಇವೆ?

ನಮ್ಮ ತೋಟದಲ್ಲಿ ಈಗ ಕಣ್ಣಿಗೆ ಸಾಲು ಕಾಣುವುದೇ ಇಲ್ಲ. ಗಾಳಿಗೆ ಬಿದ್ದ ಮರಗಳು ಎಷ್ಟೋ. ಸತ್ತದ್ದರ ಎಡೆಯಲ್ಲಿ ಕೈಗೆ ಬಂದ ಕಡೆ ನೆಟ್ಟ ಸಸಿಗಳು, ಗೋಟಡಿಕೆ ಬಿದ್ದು ತಾನಾಗಿ ಹುಟ್ಟಿದ ಗಿಡಗಳು. ಐವತ್ತು ವರ್ಷ ದಾಟಿದ ತೋಟ ಹೀಗೆಯೇ ಇರುತ್ತದೆ. ಆದರೂ ಗ್ರಾಫಿನಲ್ಲಿ ಒಂದು ಉಬ್ಬು ಎದ್ದು ನಿಂತಿತು. 9 ಅಡಿಗೆ.

ಅದು ಅಜ್ಜನ ಹಗ್ಗದ ಉದ್ದ. ಗೂಟಕ್ಕೆ ಹಗ್ಗ ಕಟ್ಟಿ, 9 ಅಡಿಗೊಂದು ಗುರುತು ಮಾಡಿ, ಗುರುತಿಗೊಂದು ಹೊಂಡ ತೋಡಿಸಿದ್ದರಂತೆ. ಹಗ್ಗದ ಒಂದು ತುದಿ ಹಿಡಿದುಕೊಂಡು ನಿಂತದ್ದು ಆಗಿನ್ನೂ ಹುಡುಗನಾಗಿದ್ದ ದೊಡ್ಡಪ್ಪ. ಆ ಹಗ್ಗ ಯಾವತ್ತೋ ಮಣ್ಣಾಗಿ ಹೋಗಿದೆ. ಅಜ್ಜನೂ ಇಲ್ಲ. ಉದ್ದ ಮಾತ್ರ ಮರಗಳ ನಡುವೆ ಉಳಿದುಕೊಂಡಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಿಶ್ವಕ್ಕೂ ಅಂಥದ್ದೊಂದು ಹಗ್ಗ ಉಂಟು. ಮೊದಲ 3,80,000 ವರ್ಷ ವಿಶ್ವ ಎಷ್ಟು ಬಿಸಿ ಇತ್ತು ಅಂದರೆ ಪರಮಾಣುಗಳು ಕಟ್ಟಿಕೊಳ್ಳುವ ಹಾಗಿರಲಿಲ್ಲ. ಬೆಳಕು ಮತ್ತು ದ್ರವ್ಯ ಬಿಡಿಸಲಾರದ ಹಾಗೆ ಬೆರೆತಿದ್ದವು. ಎಲ್ಲಿ ಸ್ವಲ್ಪ ದಟ್ಟ ಇತ್ತೋ ಅಲ್ಲಿಂದ ಒತ್ತಡದ ಅಲೆ ಸುತ್ತಲೂ ಹೊರಟಿತು. ಅದು ಶಬ್ದದ ಅಲೆಯೇ. ಆದರೆ ಅದರ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ಜಾಸ್ತಿ. ವಿಶ್ವ ತಣಿದು ಪರಮಾಣುಗಳು ಕಟ್ಟಿಕೊಂಡಾಗ ಬೆಳಕು ಬಿಡಿಸಿಕೊಂಡು ತನ್ನ ಪಾಡಿಗೆ ಹೋಯಿತು. ಹಿಂದಿನಿಂದ ತಳ್ಳುವುದಕ್ಕೆ ಬೆಳಕು ಇಲ್ಲದೆ ಅಲೆ ಇದ್ದಲ್ಲೇ ನಿಂತಿತು. ನಿಂತ ಜಾಗದಲ್ಲಿ ದ್ರವ್ಯ ಒಂದು ಎಳೆಯಷ್ಟು ಜಾಸ್ತಿ. ಮುಂದೆ ಅಲ್ಲಿ ಗ್ಯಾಲಕ್ಸಿಗಳೂ ಒಂದು ಎಳೆಯಷ್ಟು ಜಾಸ್ತಿ ಹುಟ್ಟಿದವು. ವಿಶ್ವ ಹಿಗ್ಗಿದ ಹಾಗೆ ಆ ಅಂತರವೂ ಹಿಗ್ಗಿತು. ಇವತ್ತು ಅದು 48 ಕೋಟಿ ಜ್ಯೋತಿರ್ವರ್ಷದ ಹತ್ತಿರ.

ಇಂಥ ಅಲೆಗಳು ಇರಬೇಕು ಅಂತ 1970ರಲ್ಲೇ ಲೆಕ್ಕ ಹಾಕಿದ್ದರು. ಅಮೆರಿಕದಲ್ಲಿ ಪೀಬಲ್ಸ್ ಮತ್ತು ಯು, ರಷ್ಯಾದಲ್ಲಿ ಸುನ್ಯಾಯೆವ್ ಮತ್ತು ಜೆಲ್ಡೊವಿಚ್. ಗ್ಯಾಲಕ್ಸಿಗಳ ನಡುವೆ ಆ ಉಬ್ಬು ಕಂಡದ್ದು 2005ರಲ್ಲಿ. ಆಕಾಶದ ನಕ್ಷೆ ಮಾಡುವ ಸ್ಲೋನ್ ಸಮೀಕ್ಷೆಯವರು ಸುಮಾರು 47 ಸಾವಿರ ಕೆಂಪು ಗ್ಯಾಲಕ್ಸಿಗಳ ಜೋಡಿ ಎಣಿಸಿ ತೋರಿಸಿದರು. ಆಸ್ಟ್ರೇಲಿಯಾದ ದೂರದರ್ಶಕದಲ್ಲಿ ಮಾಡಿದ ಇನ್ನೊಂದು ಸಮೀಕ್ಷೆಯಲ್ಲೂ ಅದೇ ಹೊತ್ತಿಗೆ ಕಂಡಿತು. ಕಾಗದದ ಮೇಲೆ ಬರೆದದ್ದು ಆಕಾಶದಲ್ಲಿ ಸಿಗಲು 35 ವರ್ಷ. ಒಂದು ಸಿದ್ಧಾಂತವನ್ನು ಪರೀಕ್ಷೆಗೆ ಹಚ್ಚುವುದು ಅಂದರೆ ನನ್ನ ಪ್ರಕಾರ ಇದು. ಕಂಡದ್ದಕ್ಕೆ ಆಮೇಲೆ ಕಾರಣ ಹೊಂದಿಸುವುದು ಸುಲಭ. ಕಾಣುವ ಮೊದಲೇ ಇಂಥ ದೂರದಲ್ಲಿ ಇಷ್ಟು ಇರಬೇಕು ಅಂತ ಬರೆದಿಟ್ಟು ಹೋಗುವುದಕ್ಕೆ ಧೈರ್ಯ ಬೇಕು.

ತೋಟಕ್ಕೂ ಆಕಾಶಕ್ಕೂ ಒಂದು ದೊಡ್ಡ ವ್ಯತ್ಯಾಸ ಉಂಟು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಗ್ಯಾಲಕ್ಸಿಗಳು ಸಾಲಿನಲ್ಲಿ ಇಲ್ಲ. ಸುಮ್ನೆ ಚೆಲ್ಲಿದ್ದಕ್ಕಿಂತ ಆ ದೂರದಲ್ಲಿ ಜೋಡಿಗಳು ಜಾಸ್ತಿ ಇರುವುದು ನೂರಕ್ಕೆ ಒಂದರಷ್ಟು. ಅದಕ್ಕೇ ಸಾವಿರಗಟ್ಟಲೆ, ಲಕ್ಷಗಟ್ಟಲೆ ಗ್ಯಾಲಕ್ಸಿಗಳನ್ನು ಎಣಿಸಬೇಕಾಗುತ್ತದೆ. ನಮ್ಮ 612 ಮರದಲ್ಲಿ ಇಷ್ಟು ಸಣ್ಣ ಗುರುತು ಹುಡುಕಿದ್ದರೆ ಏನೂ ಸಿಗುತ್ತಿರಲಿಲ್ಲ.

ಇನ್ನೊಂದು ವಿಷಯದಲ್ಲಿ ಮಾತ್ರ ಎರಡೂ ಒಂದೇ ಥರ. ನನ್ನ ಉಬ್ಬು ಸರಿಯಾಗಿ 9ಕ್ಕೆ ಮೊನಚಾಗಿರಲಿಲ್ಲ, ಎಂಟರಿಂದ ಹತ್ತರವರೆಗೆ ಚಪ್ಪಟೆಯಾಗಿ ಹರಡಿತ್ತು. ಯಾಕೆ ಅಂದರೆ ಅಡಿಕೆ ಮರ ಬೆಳಕು ಹುಡುಕಿಕೊಂಡು ವಾಲುತ್ತದೆ. ಬುಡ ಅಜ್ಜ ತೋಡಿಸಿದ ಹೊಂಡದಲ್ಲೇ ಇದ್ದರೂ ತಲೆ ಒಂದಡಿ ಎರಡಡಿ ಆಚೆ ಹೋಗಿರುತ್ತದೆ. ಗ್ಯಾಲಕ್ಸಿಗಳೂ ಹಾಗೆ. ಹುಟ್ಟಿದ ಜಾಗದಿಂದ ಭಾರ ಜಾಸ್ತಿ ಇರುವ ಕಡೆಗೆ ಕೋಟಿಗಟ್ಟಲೆ ವರ್ಷ ಜಾರಿಕೊಂಡು ಹೋಗಿರುತ್ತವೆ. ಸುತ್ತ ಯಾವ ಕಡೆ ಭಾರ ಜಾಸ್ತಿ ಅಂತ ನಕ್ಷೆಯಿಂದಲೇ ತಿಳಿದುಕೊಂಡು ಪ್ರತಿ ಗ್ಯಾಲಕ್ಸಿಯನ್ನೂ ಲೆಕ್ಕದಲ್ಲಿ ಹಿಂದಕ್ಕೆ ಸರಿಸುವ ಉಪಾಯವನ್ನು 2007ರಲ್ಲಿ ಕಂಡುಕೊಂಡರು. ಸರಿಸಿದ ಮೇಲೆ ಉಬ್ಬು ಮೊನಚಾಗುತ್ತದೆ. ಮರದ ತಲೆ ನೋಡಿ ಬುಡ ಎಲ್ಲಿತ್ತು ಅಂತ ಹೇಳಿದ ಹಾಗೆ.

ಆಕಾಶದ ನಕ್ಷೆ ನೋಡಿ ಬಿದ್ದುಹೋದ ಸಿದ್ಧಾಂತಗಳೂ ಇವೆ. 1980ರ ದಶಕದ ಶುರುವಿನಲ್ಲಿ ಬೆಳಕು ಕೊಡದ, ಭಾರ ಮಾತ್ರ ಇರುವ ಡಾರ್ಕ್ ಮ್ಯಾಟರ್ ಅಂದರೆ ನ್ಯೂಟ್ರಿನೋ ಅನ್ನುವ ಸಣ್ಣ ಕಣಗಳೇ ಇರಬಹುದು ಅಂತ ಬಹಳ ಜನ ನಂಬಿದ್ದರು. ಚೆಂದದ ಊಹೆ, ಯಾಕಂದರೆ ನ್ಯೂಟ್ರಿನೋ ಇದೆ ಅಂತ ಮೊದಲೇ ಗೊತ್ತಿತ್ತು. ಹೊಸದೇನನ್ನೂ ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ಆದರೆ ನ್ಯೂಟ್ರಿನೋಗಳು ಬಹಳ ವೇಗ. ಸಣ್ಣ ಸಣ್ಣ ಮುದ್ದೆಗಳು ಕಟ್ಟಿಕೊಳ್ಳುವ ಮೊದಲೇ ಚೆದುರಿಸಿಬಿಡುತ್ತವೆ. ಹಾಗಿದ್ದರೆ ಮೊದಲು ಭಾರೀ ಹಾಳೆಗಳಂಥವು ಆಗಬೇಕು, ಅವು ಒಡೆದು ಗ್ಯಾಲಕ್ಸಿಗಳು ಆಗಬೇಕು. ಸೈಮನ್ ವೈಟ್, ಕಾರ್ಲೋಸ್ ಫ್ರೆಂಕ್, ಮಾರ್ಕ್ ಡೇವಿಸ್ ಮೂವರೂ 1983ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡಿದರು. ಬಂದ ವಿಶ್ವ ನಿಜವಾದ ನಕ್ಷೆಗಿಂತ ವಿಪರೀತ ಗಡ್ಡೆಗಟ್ಟಿತ್ತು. ಅಲ್ಲಿಗೆ ಆ ಊಹೆ ಮುಗಿಯಿತು. ಎರಡು ವರ್ಷ ಬಿಟ್ಟು ಎಫ್‌ಸ್ಟಾಥಿಯು ಕೂಡ ಸೇರಿಕೊಂಡು, ನಿಧಾನವಾಗಿ ಚಲಿಸುವ ಕಣಗಳನ್ನು ಇಟ್ಟು ಮಾಡಿದಾಗ ನಕ್ಷೆಗೆ ಹತ್ತಿರ ಬಂತು. ಆಗ ಅವರ ಕಂಪ್ಯೂಟರ್ ತಾಳಿಕೊಂಡದ್ದು 32,768 ಕಣ. ಇವತ್ತಿನ ಮೊಬೈಲಿಗೆ ಅದು ಲೆಕ್ಕವೇ ಅಲ್ಲ.

ಅದಕ್ಕೂ ಮೊದಲು ಸ್ಥಿರ ವಿಶ್ವದ ಸಿದ್ಧಾಂತ. ವಿಶ್ವಕ್ಕೆ ಮೊದಲಿಲ್ಲ, ಯಾವಾಗ ನೋಡಿದರೂ ಒಂದೇ ಥರ ಅನ್ನುವುದು. ಫ್ರೆಡ್ ಹಾಯ್ಲ್ ಜೊತೆ ನಮ್ಮ ಜಯಂತ ನಾರ್ಲೀಕರ್ ಅದನ್ನು ಎತ್ತಿ ಹಿಡಿದಿದ್ದರು. ಅದಕ್ಕೆ ಮೊದಲ ಪೆಟ್ಟು ಕೊಟ್ಟದ್ದು ಮಾರ್ಟಿನ್ ರೈಲ್ ಅವರ ಎಣಿಕೆ. ಆಕಾಶದಲ್ಲಿ ರೇಡಿಯೋ ಅಲೆ ಹೊರಡಿಸುವ ಮಂಕಾದ ಮೂಲಗಳು, ಅಂದರೆ ದೂರದವು, ಇರಬೇಕಾದ್ದಕ್ಕಿಂತ ಜಾಸ್ತಿ ಇದ್ದವು. ದೂರ ಅಂದರೆ ಹಳೆಯ ಕಾಲ. ಹಾಗಾದರೆ ಆಗ ವಿಶ್ವ ಬೇರೆ ಥರ ಇತ್ತು ಅಂತ ಆಯಿತು. ನಾರ್ಲೀಕರ್ 2025ರ ಮೇ ತಿಂಗಳಲ್ಲಿ ತೀರಿಕೊಂಡಾಗ ನನಗೆ ಬಹಳ ಬೇಸರವಾಯಿತು. ಅವರ ಸಿದ್ಧಾಂತ ನಿಲ್ಲಲಿಲ್ಲ. ಆದರೆ ಎಣಿಸಿ ನೋಡಿದರೆ ಬೀಳಬಹುದಾದ ಹಾಗೆ, ಸ್ಪಷ್ಟವಾಗಿ ಹೇಳಿದ ಸಿದ್ಧಾಂತ ಅದು. ಅಂಥದ್ದಕ್ಕೆ ನನ್ನ ಮನಸ್ಸಿನಲ್ಲಿ ಯಾವಾಗಲೂ ಗೌರವ ಉಂಟು.

ಒಂದು ಕಷ್ಟ ಹೇಳಬೇಕು. ನಮಗೆ ಕಾಣುವುದು ಬೆಳಕು, ಆದರೆ ತಿಳಿಯಬೇಕಾದದ್ದು ಭಾರ. ಆಗಸ್ಟಿನಲ್ಲಿ ಮೀನುಗಾರಿಕೆ ಮತ್ತೆ ಶುರುವಾದ ಮೇಲೆ ಮಣಿಪಾಲದ ನಮ್ಮ ತಾರಸಿಯಿಂದ ರಾತ್ರಿ ಮಲ್ಪೆಯ ಕಡೆ ನೋಡಿದರೆ ಬೋಟುಗಳ ದೀಪ ಕಾಣುತ್ತವೆ. ಕಡಲು ಕಾಣುವುದಿಲ್ಲ. ದೀಪ ಜಾಸ್ತಿ ಇದ್ದಲ್ಲಿ ಮೀನು ಜಾಸ್ತಿ ಇರಬಹುದು ಅಂತ ಅಂದಾಜು ಮಾಡಬಹುದು, ಆದರೆ ಎರಡು ಪಟ್ಟು ದೀಪ ಅಂದರೆ ಎರಡು ಪಟ್ಟು ಮೀನು ಅಂತ ಹೇಳುವ ಹಾಗಿಲ್ಲ. ಗ್ಯಾಲಕ್ಸಿ ಮತ್ತು ಡಾರ್ಕ್ ಮ್ಯಾಟರಿನ ನಡುವೆಯೂ ಇದೇ ತೊಂದರೆ. ಹಗ್ಗದ ಉದ್ದ ಅಳೆಯುವ ಕೆಲಸದಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ದೀಪ ಎಷ್ಟೇ ಇರಲಿ, ಉಬ್ಬು ಇರುವ ದೂರ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅದಕ್ಕೇ ಈ ಅಳತೆಯನ್ನು ನಾನು ಬೇರೆಲ್ಲದಕ್ಕಿಂತ ಜಾಸ್ತಿ ನಂಬುತ್ತೇನೆ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಬರೆಯಲಿಕ್ಕೆಂದೇ ಈ ಬರಹ ಶುರು ಮಾಡಿದ್ದು.

ತೋಟವನ್ನು ತುಂಡು ತುಂಡಾಗಿ ಮಾಡಿ ಒಂದೊಂದರಲ್ಲೂ ಉಬ್ಬು ಎಲ್ಲಿದೆ ಅಂತ ನೋಡಿದೆ. ಎಲ್ಲ ಕಡೆಯೂ 9 ಅಡಿ, ಇಂಚು ಆಚೆ ಈಚೆ. ಬಡಗಣ ಮೂಲೆಯ 83 ಮರಗಳು ಮಾತ್ರ ಸರಿ ಬರಲಿಲ್ಲ. ಅಲ್ಲಿ ಪೂರ್ವ ಪಶ್ಚಿಮಕ್ಕೆ 9 ಅಡಿ, ಉತ್ತರ ದಕ್ಷಿಣಕ್ಕೆ 8 ಅಡಿ 8 ಇಂಚು. ಎರಡು ಸಲ ಲೆಕ್ಕ ಮಾಡಿದೆ. ಬದಲಾಗಲಿಲ್ಲ. ಆ ಮೂಲೆ ಫೋಟೋಗಳ ಅಂಚಿನಲ್ಲಿತ್ತು. ಅಲ್ಲಿ ಹೊಲಿಗೆ ಸರಿ ಕೂತಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಆ 83 ಚುಕ್ಕೆಗಳನ್ನು ಅಳಿಸಿಬಿಟ್ಟೆ. ಗ್ರಾಫ್ ಚೆಂದ ಬಂತು.

ಫೆಬ್ರವರಿಯಲ್ಲಿ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ದೊಡ್ಡಪ್ಪನಿಗೆ ತೋರಿಸಿದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಅವರು ಕನ್ನಡಕ ಸರಿ ಮಾಡಿಕೊಂಡು ಚುಕ್ಕೆಗಳ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಉಬ್ಬನ್ನು ತೋರಿಸಿದೆ. ಅದರ ಬಗ್ಗೆ ಏನೂ ಹೇಳಲಿಲ್ಲ.

"ಗುಡ್ಡೆ ಬದಿಯ ಮರ ಎಲ್ಲಿ?" ಅಂತ ಕೇಳಿದರು.

"ಅಲ್ಲಿ ಫೋಟೋ ಸರಿ ಬರ್ಲಿಲ್ಲ ದೊಡ್ಡಪ್ಪ. ಒಂದು ಕಡೆ 9 ಅಡಿ ಬರ್ತದೆ, ಇನ್ನೊಂದು ಕಡೆ ಕಡಿಮೆ ಬರ್ತದೆ. ಅದಕ್ಕೆ ತೆಗೆದೆ."

"ಕಡಿಮೆ ಬರ್ಬೇಕಲ್ಲ ಮಾರಾಯ. ಅಲ್ಲಿ ಗುಡ್ಡೆ ಏರ್ತದೆ. ನಾವು ಹಗ್ಗ ಎಳೆದದ್ದು ನೆಲಕ್ಕೆ ತಾಗಿಸಿ. ನಿನ್ನ ಡ್ರೋನ್ ನೋಡುವುದು ಮೇಲಿಂದ."

ನನಗೆ ಮಾತು ಹೊರಡಲಿಲ್ಲ. ಫೋಟೋ ಸರಿಯೇ ಇತ್ತು. ಅಳತೆಯೂ ಸರಿ ಇತ್ತು. ತೋಟ ಪೂರ್ತಿ ಸಮತಟ್ಟು ಅಂತ ನಾನೇ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದು ನನಗೆ ಗೊತ್ತೂ ಇರಲಿಲ್ಲ. ಮೇಲಿಂದ ನೋಡಿದರೆ ಎಲ್ಲ ಒಂದೇ ಹಸಿರು ಅಲ್ವಾ? ಏರಿನ ಉದ್ದಕ್ಕೆ ಮಾತ್ರ ಅಂತರ ಕುಗ್ಗಿ ಕಾಣುತ್ತದೆ, ಅಡ್ಡಕ್ಕೆ ಕುಗ್ಗುವುದಿಲ್ಲ. ಎಷ್ಟು ಕುಗ್ಗಿದೆ ಅನ್ನುವುದರಿಂದ ಏರು ಎಷ್ಟು ಅಂತ ಹೇಳಬಹುದು. 108 ಇಂಚು 104 ಆಗಿದೆ ಅಂದರೆ ಸುಮಾರು 15, 16 ಡಿಗ್ರಿ. ನಾನು ಅಳಿಸಿದ 83 ಚುಕ್ಕೆಗಳಲ್ಲಿ ಗುಡ್ಡೆಯ ಇಳಿಜಾರು ಇತ್ತು.

ಆಕಾಶದಲ್ಲಿ ಇದಕ್ಕೆ ಆಲ್ಕಾಕ್ ಪಾಚಿನ್‌ಸ್ಕಿ ಪರೀಕ್ಷೆ ಅಂತ ಹೆಸರು. 1979ರಲ್ಲಿ ಅವರಿಬ್ಬರು ಹೇಳಿದ್ದು. ಗ್ಯಾಲಕ್ಸಿ ಎಷ್ಟು ದೂರದಲ್ಲಿದೆ ಅಂತ ನಮಗೆ ನೇರವಾಗಿ ಕಾಣುವುದಿಲ್ಲ. ಅದರ ಬೆಳಕು ಎಷ್ಟು ಹಿಗ್ಗಿ ಕೆಂಪಾಗಿದೆ ಅನ್ನುವುದನ್ನು ಅಳೆಯುತ್ತೇವೆ. ಅದನ್ನು ದೂರಕ್ಕೆ ಬದಲಾಯಿಸಲು ವಿಶ್ವ ಯಾವ ಕಾಲದಲ್ಲಿ ಎಷ್ಟು ವೇಗವಾಗಿ ಹಿಗ್ಗಿತು ಅಂತ ಮೊದಲೇ ಒಂದು ಮಾದರಿ ಇಟ್ಟುಕೊಳ್ಳಬೇಕು. ಮಾದರಿ ಸರಿ ಇದ್ದರೆ ನಮ್ಮ ಕಣ್ಣಿನ ನೇರಕ್ಕೂ ಅಡ್ಡಕ್ಕೂ ಹಗ್ಗದ ಉದ್ದ ಒಂದೇ ಬರಬೇಕು. ತಪ್ಪಿದ್ದರೆ ಎರಡೂ ಬೇರೆ ಬೇರೆ ಬರುತ್ತವೆ. ಈ ಪರೀಕ್ಷೆಗೆ ಹಗ್ಗದ ನಿಜವಾದ ಉದ್ದ ಎಷ್ಟು ಅಂತ ಗೊತ್ತಿರಲೇಬೇಕು ಅಂತಿಲ್ಲ. ಎರಡು ದಿಕ್ಕು ಹೊಂದದಿದ್ದರೆ ಸಾಕು, ಎಲ್ಲೋ ಗುಡ್ಡೆ ಉಂಟು ಅಂತ ಅರ್ಥ.

ಹೊಂದದ ಚುಕ್ಕೆಗಳನ್ನು ಅಳಿಸುವ ಆಸೆ ನನಗೊಬ್ಬನಿಗೇ ಬರುವುದಲ್ಲ. ಬೇಕಾದ ಉತ್ತರ ಮೊದಲೇ ಗೊತ್ತಿದ್ದರೆ ಅದು ಬರುವವರೆಗೆ ತಪ್ಪು ಹುಡುಕುತ್ತೇವೆ. ಬಂದ ಕೂಡಲೆ ಹುಡುಕುವುದನ್ನು ನಿಲ್ಲಿಸುತ್ತೇವೆ. ಅರಿಜೋನಾದ ಕಿಟ್ ಪೀಕಿನಲ್ಲಿ 2021ರಿಂದ ಡೆಸಿ ಅನ್ನುವ ಸಮೀಕ್ಷೆ ನಡೆಯುತ್ತಿದೆ. 4 ಮೀಟರ್ ದೂರದರ್ಶಕ, ಅದರಲ್ಲಿ 5,000 ಸಣ್ಣ ರೋಬೋಟ್‌ಗಳು. ಒಂದೊಂದು ರೋಬೋಟೂ ಕೂದಲಿನಂಥ ಒಂದು ಗಾಜಿನ ಎಳೆಯನ್ನು ಒಂದು ಗ್ಯಾಲಕ್ಸಿಯ ಬೆಳಕಿಗೆ ಹಿಡಿಯುತ್ತದೆ. ಇಷ್ಟೆಲ್ಲ ಮಾಡಿದ ಅವರು ಮೊದಲ ವರ್ಷದ ಲೆಕ್ಕಕ್ಕೆ ಕೂರುವ ಮೊದಲು ತಮ್ಮ ನಕ್ಷೆಯಲ್ಲಿ ಗ್ಯಾಲಕ್ಸಿಗಳ ಜಾಗವನ್ನು ಗುಟ್ಟಾಗಿ ಸ್ವಲ್ಪ ಸರಿಸಿಟ್ಟರು. ಎಷ್ಟು ಸರಿಸಿದೆ ಅಂತ ಲೆಕ್ಕ ಮಾಡುವವರಿಗೆ ಗೊತ್ತಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವ ತೀರ್ಮಾನಗಳೆಲ್ಲ ಆ ಸುಳ್ಳು ನಕ್ಷೆಯ ಮೇಲೆಯೇ ಆಗಬೇಕು. ಎಲ್ಲ ಮುಗಿದ ಮೇಲೆ ನಿಜವಾದದ್ದನ್ನು ತೆರೆಯುವುದು. ತೆರೆದ ಮೇಲೆ ಬಂದದ್ದು ಬಂತು.

ಇದನ್ನು ಮೊದಲು ಓದಿದಾಗ ಒಂದು ಜಾಣ ಕ್ರಮ ಅಂತಷ್ಟೇ ಅನ್ನಿಸಿತ್ತು. 83 ಚುಕ್ಕೆ ಅಳಿಸಿ ಸಿಕ್ಕಿಬಿದ್ದ ಮೇಲೆ ಇನ್ನೊಮ್ಮೆ ಓದಿದೆ. ಕಣ್ಣು ಒದ್ದೆಯಾಯಿತು. ತಮ್ಮ ಮನಸ್ಸನ್ನು ತಾವೇ ನಂಬದೆ ಅದಕ್ಕೊಂದು ಬೀಗ ಹಾಕಿ ಕೂತ ನೂರಾರು ಜನ.

ಹಾಗೆ ತೆರೆದಾಗ ಏನು ಬಂತು? 2024ರ ಏಪ್ರಿಲಿನಲ್ಲಿ ಮೊದಲ ಫಲಿತಾಂಶ, 2025ರ ಮಾರ್ಚಿನಲ್ಲಿ ಮೂರು ವರ್ಷದ್ದು. ಎರಡನೇ ಸಲ 1 ಕೋಟಿ 40 ಲಕ್ಷಕ್ಕೂ ಜಾಸ್ತಿ ಗ್ಯಾಲಕ್ಸಿ ಮತ್ತು ಬಹಳ ಹೊಳೆಯುವ ಗ್ಯಾಲಕ್ಸಿ ನಡುಗಳಾದ ಕ್ವೇಸಾರ್‌ಗಳು, ಸುಮಾರು 1,100 ಕೋಟಿ ವರ್ಷ ಹಿಂದಿನವರೆಗೆ. ಆ ಹಗ್ಗವನ್ನು ಬೇರೆ ಬೇರೆ ಕಾಲದಲ್ಲಿ ಹಿಡಿದು ನೋಡಿದರೆ ವಿಶ್ವ ಹಿಗ್ಗಿದ ಕತೆ ಪೂರ್ತಿ ಸಿಗುತ್ತದೆ. ಹಗ್ಗದ ಅಳತೆ ಒಂದನ್ನೇ ನೋಡಿದರೆ ಇವತ್ತಿನ ಮಾದರಿಗೆ ದೊಡ್ಡ ತೊಂದರೆ ಏನೂ ಇಲ್ಲ. ಆದರೆ ಅದರ ಜೊತೆಗೆ ಪರಮಾಣು ಕಟ್ಟಿಕೊಂಡಾಗ ಬಿಡಿಸಿಕೊಂಡ ಮೊದಲ ಬೆಳಕಿನ ಅಳತೆ, ಸಿಡಿದ ನಕ್ಷತ್ರಗಳಾದ ಸೂಪರ್‌ನೋವಾಗಳ ಅಳತೆ ಸೇರಿಸಿದರೆ ಬೇರೆ ಏನೋ ಕಾಣುತ್ತದೆ. ವಿಶ್ವ ಹಿಗ್ಗುವುದನ್ನು ಜೋರು ಮಾಡುವ, 1998ರಿಂದ ನಾವು ಡಾರ್ಕ್ ಎನರ್ಜಿ ಅಂತ ಕರೆಯುವುದು ಯಾವಾಗಲೂ ಒಂದೇ ಸಮ ಇಲ್ಲ, ಈಚೆಗೆ ಸ್ವಲ್ಪ ಸ್ವಲ್ಪವೇ ಬಲ ಕಳೆದುಕೊಳ್ಳುತ್ತಿದೆ ಅನ್ನುವ ಸೂಚನೆ ಅದು. ಯಾವ ಸೂಪರ್‌ನೋವಾ ಪಟ್ಟಿ ಸೇರಿಸುತ್ತೇವೆ ಅನ್ನುವುದರ ಮೇಲೆ ಅದರ ಗಟ್ಟಿತನ 2.8ರಿಂದ 4.2 ಸಿಗ್ಮಾ. ಈ ಶಾಸ್ತ್ರದಲ್ಲಿ ಕಂಡುಹಿಡಿದೆವು ಅಂತ ಹೇಳಲು 5 ಬೇಕು. ಅಂದರೆ ಆಕಸ್ಮಿಕವಾಗಿ ಹಾಗೆ ಬರುವ ಸಾಧ್ಯತೆ 35 ಲಕ್ಷದಲ್ಲಿ ಒಂದು.

ಐನ್‌ಸ್ಟೈನ್ ಬಿದ್ದರು ಅನ್ನುವ ಥರದ ತಲೆಬರಹಗಳು ಆಗ ಬಹಳ ಬಂದವು. ನನಗೆ ಅವು ಹಿಡಿಸಲಿಲ್ಲ. ಹಾಗಂತ ಇದನ್ನು ಫೋಟೋದ ಹೊಲಿಗೆ ತಪ್ಪು ಅಂತ ತಳ್ಳಿಹಾಕುವವರೂ ಇದ್ದಾರೆ, ಆ ಮಾತನ್ನು ಹೇಳುವ ಯೋಗ್ಯತೆ ನನಗಂತೂ ಉಳಿದಿಲ್ಲ. ಎರಡೂ ಆಗಬಹುದು. ದೂರದ ಗ್ಯಾಲಕ್ಸಿಗಳ ಬೆಳಕು ಬಾಗುವುದನ್ನು ಅಳೆದು ವಿಶ್ವ ಎಷ್ಟು ಗಡ್ಡೆಗಟ್ಟಿದೆ ಅಂತ ಹೇಳುವ ಇನ್ನೊಂದು ಕೆಲಸ ಉಂಟು. ಅದರಲ್ಲಿ ಹಲವು ವರ್ಷ ಮಾದರಿಗಿಂತ ಕಡಿಮೆ ಬರುತ್ತಿತ್ತು. ಆ ಕೆಲಸ ಮಾಡುವ ಕಿಡ್ಸ್ ಸಮೀಕ್ಷೆಯವರು 2025ರಲ್ಲಿ ತಮ್ಮ ಪೂರ್ತಿ ಲೆಕ್ಕ ಕೊಟ್ಟಾಗ ಆ ವ್ಯತ್ಯಾಸ ಹೆಚ್ಚುಕಡಿಮೆ ಮಾಯವಾಗಿತ್ತು. ದೂರಗಳನ್ನು ಇನ್ನೂ ಚೆನ್ನಾಗಿ ಸರಿಪಡಿಸಿಕೊಂಡದ್ದು ಅದಕ್ಕೆ ಒಂದು ಮುಖ್ಯ ಕಾರಣ. ಅಲ್ಲಿ ಗುಡ್ಡೆ ಇರಲಿಲ್ಲ ಅಂತ ಕಾಣುತ್ತದೆ. ಡೆಸಿಯ ಮೂಲೆಯಲ್ಲಿ ಉಂಟೋ ಇಲ್ಲವೋ, ಯೂಕ್ಲಿಡ್ ಮತ್ತು ರೂಬಿನ್ ದೂರದರ್ಶಕಗಳ ನಕ್ಷೆ ಬರಬೇಕು. ಆಕಾಶಕ್ಕೆ ಟೇಪ್ ಹಿಡಿದುಕೊಂಡು ಹೋಗಲು ಆಗುವುದಿಲ್ಲ. ಒಂದು ಅಳತೆಗೆ ಇನ್ನೊಂದು ಅಳತೆಯೇ ಸಾಕ್ಷಿ.

ತೋಟಕ್ಕೆ ಹೋಗಬಹುದಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುಡಿದು ಇಬ್ಬರೂ ಹೊರಟೆವು. ಆ ಮೂಲೆಗೆ ನಾನು ಸಣ್ಣವನಿದ್ದಾಗ ಹೋದದ್ದು. ಕಾಲಡಿಗೆ ಒಣಗಿದ ಸೋಗೆ, ನೆಲ ಏರುವುದು ಮೊಣಕಾಲಿಗೆ ಗೊತ್ತಾಗುತ್ತದೆ. ದೊಡ್ಡಪ್ಪ ಹಳೆಯ ಮರ ಯಾವುದು, ಆಮೇಲೆ ನೆಟ್ಟದ್ದು ಯಾವುದು ಅಂತ ಬುಡ ಮುಟ್ಟಿ ಮುಟ್ಟಿ ತೋರಿಸಿದರು. ಟೇಪಿನ ಒಂದು ತುದಿಯನ್ನು ಅವರೇ ಹಿಡಿದುಕೊಂಡರು. ನೆಲಕ್ಕೆ ತಾಗಿಸಿ ಏರಿನ ಉದ್ದಕ್ಕೆ ಅಳೆದೆವು. 9 ಅಡಿ. 8 ಅಡಿ 11 ಇಂಚು. 9 ಅಡಿ 1 ಇಂಚು. 9 ಅಡಿ.

ಎಂಟನೇ ಸಾಲಿನಲ್ಲಿ ಒಂದು ಕಡೆ 11 ಅಡಿ ಬಂತು. ಎರಡೂ ಹಳೆಯ ಮರಗಳೇ. ನಾನು ಟೇಪನ್ನು ಇನ್ನೊಮ್ಮೆ ಎಳೆದೆ. 11 ಅಡಿಯೇ.

ದೊಡ್ಡಪ್ಪ ಕಾಲಿನಿಂದ ಸೋಗೆ ಸರಿಸಿದರು. ಕೆಳಗೆ ಕಪ್ಪು ಪಾದೆಯ ತಲೆ ಕಂಡಿತು. "ಇಲ್ಲಿ ಹೊಂಡ ತೆಗೀಲಿಕ್ಕೆ ಆಗ್ಲಿಲ್ಲ ಆಗ," ಅಂದರು. "ಅಪ್ಪ ಹಗ್ಗವನ್ನು ಆಚೆ ಸರಿಸು ಅಂತ ಹೇಳಿದ್ರು."

ಪುಸ್ತಕದಲ್ಲಿ ಬರೆದುಕೊಂಡೆ. ಎಂಟನೇ ಸಾಲು, 11 ಅಡಿ, ಪಾದೆ.